ಪಂಚರ ಸಹಿ: ವಿದೇಶಿಯರ ಕಾನೂನು ಬೆಂಗಳೂರಿನ ಬಾಗಿಲಿಗೆ ಬಂದ ಬಗೆ

ಮನೆ ಶೋಧಿಸಲು ಬಂದ ಪೊಲೀಸರು ಆ ಬೀದಿಯ ಕನಿಷ್ಠ ಇಬ್ಬರನ್ನು ಕರೆದು ಎದುರಿಗೆ ನಿಲ್ಲಿಸಿಕೊಳ್ಳಬೇಕು ಎಂಬ ನಿಯಮ ಭಾರತದಲ್ಲಿ ನೂರು ವರ್ಷಕ್ಕೂ ಹಳೆಯದು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 103ನೇ ಸೆಕ್ಷನ್ ಆಗಿತ್ತು. 1973ರ ಸಂಹಿತೆಯಲ್ಲಿ 100ಕ್ಕೆ ಸರಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ತಿರುಗಿ 103ಕ್ಕೇ ಬಂದಿದೆ. ಹಾಗೆ ನಿಂತು ನೋಡುವವರನ್ನು ಕರ್ನಾಟಕದ ಠಾಣೆಗಳಲ್ಲಿ ಪಂಚರು ಎನ್ನುತ್ತಾರೆ. ಅವರ ಸಮಕ್ಷಮ ಬರೆದ ಕಾಗದ ಮಹಜರು. ಎಷ್ಟು ಗಂಟೆಗೆ ಬಂದರು, ಯಾವ ಕೋಣೆ ನೋಡಿದರು, ಏನನ್ನು ತೆಗೆದುಕೊಂಡರು ಎಂಬುದನ್ನು ಸ್ಥಳದಲ್ಲೇ ಬರೆದು, ಓದಿ ಹೇಳಿ, ಪಂಚರ ಸಹಿ ಹಾಕಿಸಿದ ಮೇಲೆಯೇ ಅದು ಪೂರ್ತಿ. ಮನೆಯವರು ಶೋಧದ ಉದ್ದಕ್ಕೂ ಹಾಜರಿರಬಹುದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿಯೊಂದು ಅವರ ಕೈ ಸೇರಬೇಕು.

ಸರ್ಕಾರದ ಅಧಿಕಾರ ಮನೆಬಾಗಿಲಿಗೆ ಬಂದಾಗ ನೆರೆಯವರ ಕಣ್ಣು ಅಲ್ಲಿರಬೇಕು ಎಂಬ ತತ್ವ ಹೀಗೆ ಅಪರಾಧ ಕಾನೂನಿನಲ್ಲಿ ಬೇರುಬಿಟ್ಟಿತು. ವಿದೇಶಿಯರ ಕಾನೂನು ಬೇರೆ ದಾರಿ ಹಿಡಿಯಿತು. ಅದು ಯುದ್ಧದ ಹೊತ್ತಿನಲ್ಲಿ ಗಟ್ಟಿಯಾದ, ಪ್ರಶ್ನೆಗೆ ಹೆಚ್ಚು ಎಡೆ ಕೊಡದ ಕಾನೂನು. ಇವೆರಡೂ ಮುಖಾಮುಖಿಯಾದ ಊರುಗಳಲ್ಲಿ ಬೆಂಗಳೂರು ಒಂದು. ಕಾಲ 2019ರಿಂದ 2025.

ಯುದ್ಧಕಾಲದ ಕಾನೂನು

ಬ್ರಿಟಿಷ್ ಭಾರತದಲ್ಲಿ ವಿದೇಶಿಯರನ್ನು ದೇಶ ಬಿಟ್ಟು ಹೋಗುವಂತೆ ಆದೇಶಿಸುವ ಅಧಿಕಾರ 1864ರ ಕಾಯ್ದೆಯಿಂದ ಸರ್ಕಾರಕ್ಕೆ ಬಂತು. ಕನ್ನಡ ನಾಡಿನಲ್ಲಿ ಇಂಥ ಅಧಿಕಾರದ ಬಿಸಿ ಜೋರಾಗಿ ತಟ್ಟಿದ್ದು ಕರಾವಳಿಗೆ. 1834ರಿಂದ ಮಂಗಳೂರಿನಲ್ಲಿ ನೆಲೆಸಿ, ಮುದ್ರಣಾಲಯ, ಶಾಲೆ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನ್ನರು ಮೊದಲನೆಯ ಮಹಾಯುದ್ಧ ಶುರುವಾದ ಮೇಲೆ ಶತ್ರು ದೇಶದ ಪ್ರಜೆಗಳಾದರು. ಅವರಲ್ಲಿ ಹಲವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ಯಲಾಯಿತು. ಮಿಷನ್ನಿನ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎರಡು ಮೂರು ತಲೆಮಾರು ಇಲ್ಲೇ ಬಾಳಿ ಕನ್ನಡ, ತುಳು ಕಲಿತ ಸಂಸ್ಥೆಯ ಜನ ಒಂದು ಘೋಷಣೆಯಿಂದ ಪರಕೀಯರಾದರು.

ಎರಡನೆಯ ಮಹಾಯುದ್ಧದ ವರ್ಷ, 1939ರಲ್ಲಿ, ವಿದೇಶಿಯರ ನೋಂದಣಿ ಕಾಯ್ದೆ ಬಂತು. 1946ರ ನವೆಂಬರಿನಲ್ಲಿ ವಿದೇಶಿಯರ ಕಾಯ್ದೆ ಬಂತು. ಇದರ 3ನೇ ಸೆಕ್ಷನ್ ವಿದೇಶಿಯರು ಎಲ್ಲಿರಬೇಕು, ಎಲ್ಲಿಗೆ ಹೋಗಬಾರದು, ಯಾವಾಗ ಹೊರಡಬೇಕು ಎಂದು ಆದೇಶಿಸುವ, ಬಂಧಿಸಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 9ನೇ ಸೆಕ್ಷನ್ ಇನ್ನೂ ಬಿಗಿ. ಒಬ್ಬ ವ್ಯಕ್ತಿ ವಿದೇಶಿಯೇ ಅಲ್ಲವೇ ಎಂಬ ಪ್ರಶ್ನೆ ಎದ್ದರೆ, ತಾನು ವಿದೇಶಿ ಅಲ್ಲವೆಂದು ಸಾಬೀತು ಮಾಡುವ ಹೊಣೆ ಆ ವ್ಯಕ್ತಿಯದೇ. ಕಳ್ಳತನದ ಮೊಕದ್ದಮೆಯಲ್ಲಿ ಆರೋಪ ಹೊರಿಸಿದವರು ಸಾಬೀತು ಮಾಡಬೇಕು. ಇಲ್ಲಿ ಆರೋಪ ಹೊತ್ತವರು ಮಾಡಬೇಕು. ಸಂವಿಧಾನ ಇನ್ನೂ ಬಂದಿರದ ಕಾಲದ ಈ ಕಾಯ್ದೆ 2025ರವರೆಗೆ ಬಾಳಿತು.

ಸಂವಿಧಾನ ಎರಡು ಬಗೆಯ ಹಕ್ಕುಗಳನ್ನು ಬೇರೆಬೇರೆಯಾಗಿ ಬರೆದಿದೆ. ಮಾತಿನ, ಸಂಚಾರದ, ನೆಲೆಸುವ ಸ್ವಾತಂತ್ರ್ಯ ಹೇಳುವ 19ನೇ ವಿಧಿ ನಾಗರಿಕರಿಗೆ ಮಾತ್ರ. ಕಾನೂನಿನ ಮುಂದೆ ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಎಲ್ಲ ವ್ಯಕ್ತಿಗಳಿಗೆ. ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವ 22ನೇ ವಿಧಿಯೂ ವಿದೇಶಿಯರಿಗೆ ಅನ್ವಯಿಸುತ್ತದೆ. ಆದರೆ ಶತ್ರು ದೇಶದ ಪ್ರಜೆಗಳನ್ನು ಅದು ಹೊರಗಿಟ್ಟಿತು. ಬಾಸೆಲ್ ಮಿಷನ್ನಿನವರ ಕಾಲದ ನೆರಳು ಅಷ್ಟರ ಮಟ್ಟಿಗೆ ಸಂವಿಧಾನದಲ್ಲೂ ಉಳಿಯಿತು.

ಸುಪ್ರೀಂ ಕೋರ್ಟು 1955ರಲ್ಲಿ, ಜರ್ಮನ್ ಪ್ರಜೆಯೊಬ್ಬರ ಅರ್ಜಿಯಲ್ಲಿ, ವಿದೇಶಿಯರನ್ನು ಹೊರಹಾಕುವ ಅಧಿಕಾರ ಸರ್ಕಾರಕ್ಕೆ ಪೂರ್ತಿಯಾಗಿ ಇದೆ ಎಂದು ಹೇಳಿತು. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, ನಾಗರಿಕರಲ್ಲದವರ ಜೀವವನ್ನೂ ರಾಜ್ಯ ಕಾಪಾಡಬೇಕು ಎಂದಿತು. ಮೊದಲನೆಯದು ಸರ್ಕಾರ ಏನು ಮಾಡಬಹುದು ಎಂಬುದನ್ನು ಹೇಳಿದರೆ, ಎರಡನೆಯದು ಅದನ್ನು ಹೇಗೆ ಮಾಡಬೇಕು ಎಂಬುದನ್ನು ಹೇಳಿತು. ಮುಂದಿನ ವ್ಯಾಜ್ಯಗಳೆಲ್ಲ ಈ ‘ಹೇಗೆ’ ಎಂಬುದರ ಸುತ್ತ ನಡೆದವು.

ನೋಂದಣಿಯ ನೆಲ

ಕರ್ನಾಟಕಕ್ಕೆ ವಿದೇಶಿಯರ ನೋಂದಣಿ ಹೆಚ್ಚು ಪರಿಚಯವಾದದ್ದು ಟಿಬೆಟನ್ನರಿಂದ. 1960ರಲ್ಲಿ ಬೈಲಕುಪ್ಪೆಯಲ್ಲಿ ಅವರ ನೆಲೆ ಶುರುವಾಯಿತು. ಅವರ ಕೈಯಲ್ಲಿದ್ದ ನೋಂದಣಿ ಪ್ರಮಾಣಪತ್ರ 1939ರ ಕಾಯ್ದೆಯ ಕೂಸು. ಅವಧಿ ಮುಗಿದ ಹಾಗೆಲ್ಲ ನವೀಕರಿಸಬೇಕಿತ್ತು. ಇಲ್ಲೇ ಹುಟ್ಟಿದ ಮಕ್ಕಳೂ ಅದನ್ನೇ ಹಿಡಿದು ಬೆಳೆದರು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. 1985ರಲ್ಲಿ ಭಾರತದಲ್ಲಿ ಹುಟ್ಟಿದ ಧರ್ಮಗುರು ಲಿಂಗ್ ರಿಂಪೋಚೆ ಅವರ ಅರ್ಜಿಯ ಮೇಲೆ 2013ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಇದನ್ನೇ ಎತ್ತಿಹಿಡಿಯಿತು. ನೋಂದಣಿ ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹುಟ್ಟಿನ ಪೌರತ್ವ ಅಳಿಯುವುದಿಲ್ಲ ಎಂಬುದು ಅದರ ಸಾರ.

ದಕ್ಷಿಣ ಬೆಂಗಳೂರಿನಲ್ಲಿ ಈ ಕಾನೂನು ಬಹುಕಾಲ ಗಲಾಟೆಯಿಲ್ಲದೆ, ಕಾಗದದ ರೂಪದಲ್ಲಿ ಬದುಕಿತು. ಹೊಸೂರು ರಸ್ತೆಯ ಕಾಲೇಜುಗಳಿಗೆ ಆಫ್ರಿಕಾ, ಪಶ್ಚಿಮ ಏಷ್ಯಾ, ನೇಪಾಳದಿಂದ ಬಂದ ವಿದ್ಯಾರ್ಥಿಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಸೇರಿ ಆದ ಬಿ.ಟಿ.ಎಂ. ಬಡಾವಣೆಯ ಪೇಯಿಂಗ್ ಗೆಸ್ಟ್ ಮನೆಗಳಲ್ಲಿ, ಜಯನಗರ, ಜೆ.ಪಿ. ನಗರದ ಮಹಡಿ ಮನೆಗಳಲ್ಲಿ ಬಾಡಿಗೆಗಿದ್ದರು. ವಿದೇಶಿಯರಿಗೆ ಇರಲು ಜಾಗ ಕೊಟ್ಟವರು 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಬಹುಕಾಲ ಇದಕ್ಕೆ ‘ಫಾರ್ಮ್ ಸಿ’ ಎಂದೇ ಹೆಸರು. ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ, ಬಂದ ದಿನ, ಮುಂದೆ ಹೋಗುವ ಊರು ಎಂದು ತುಂಬಿಸುವ ಈ ಫಾರ್ಮು ಹೋಟೆಲಿನವರಿಗೆ ಗೊತ್ತು. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟ ಮನೆಯೊಡೆಯರಿಗೂ ಅದು ಅಷ್ಟೇ ಕಡ್ಡಾಯ. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ, ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿ ನೆಲೆಯಾಯಿತು. 2018ರಿಂದ ಅದರ ಬಹುಪಾಲು ಕೆಲಸ ಆನ್‌ಲೈನ್‌ಗೆ ಹೋಯಿತು.

ನಕಾಶೆಯಲ್ಲಿ ನೋಡಿದರೆ ಈ ಕಾನೂನಿನ ಮುಖ್ಯ ವಿಳಾಸಗಳು ನಗರದ ದಕ್ಷಿಣ ಬದಿಯಲ್ಲೇ ಸಿಗುತ್ತವೆ. ನೋಂದಣಿ ಕಚೇರಿ ಶಾಂತಿನಗರದಲ್ಲಿ. ಉಚಿತ ವಕೀಲರನ್ನು ಕೊಡುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ವಿಚಾರಣಾಧೀನ ಕೈದಿಗಳನ್ನಿಡುವ ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರದಲ್ಲಿ. ವಿದೇಶಿಯರನ್ನು ಹುಡುಕುವ ಕಾರ್ಯಾಚರಣೆಗಳು ಹೆಚ್ಚಾಗಿ ನಡೆದದ್ದು ನಗರದ ಪೂರ್ವ ಅಂಚಿನಲ್ಲಿ, ಕಸ ಆಯುವವರು, ಮನೆಗೆಲಸದವರು, ಕಟ್ಟಡ ಕಾರ್ಮಿಕರು ತಗಡಿನ ಶೆಡ್ ಹಾಕಿಕೊಂಡ ಖಾಲಿ ಜಾಗಗಳಲ್ಲಿ. ಅವುಗಳ ಕಾಗದಪತ್ರ ಮತ್ತು ಪರಿಣಾಮ ಮಾತ್ರ ದಕ್ಷಿಣಕ್ಕೆ ಬಂದು ಸೇರಿದವು.

ಅಕ್ಟೋಬರ್ 2019

2019ರ ಆಗಸ್ಟ್ 31ರಂದು ಅಸ್ಸಾಂನ ರಾಷ್ಟ್ರೀಯ ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಹೊರಬಂತು. 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. ಕರ್ನಾಟಕದಲ್ಲೂ ಅಂಥ ಪಟ್ಟಿ ಬರುತ್ತದೆಯೇ ಎಂಬ ಚರ್ಚೆ ನಡೆದಿದ್ದಾಗಲೇ ಅಕ್ಟೋಬರ್ ಕೊನೆಯ ವಾರ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ರಾಮಮೂರ್ತಿನಗರ, ಮಾರತ್‌ಹಳ್ಳಿ, ಬೆಳ್ಳಂದೂರು ಕಡೆಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 60 ಜನರನ್ನು ಬಾಂಗ್ಲಾದೇಶೀಯರೆಂದು ಹಿಡಿದರು. ಪೊಲೀಸರ ಮುಂದೆ ಎರಡು ದಾರಿಗಳಿದ್ದವು. ಒಂದು, ವಿದೇಶಿಯರ ಕಾಯ್ದೆಯಡಿ ಮೊಕದ್ದಮೆ ಹೂಡಿ ನ್ಯಾಯಾಲಯಕ್ಕೆ ಒಪ್ಪಿಸುವುದು. ಅಲ್ಲಿ ಮಹಜರು, ಸಾಕ್ಷಿ, ವಕೀಲ, ಜಾಮೀನು ಎಲ್ಲ ಇರುತ್ತವೆ. ವರ್ಷಗಟ್ಟಲೆ ಕಾಲವೂ ಹಿಡಿಯುತ್ತದೆ. ಇನ್ನೊಂದು, ನೋಂದಣಿ ಅಧಿಕಾರಿಯ ಆದೇಶದ ಮೇಲೆ ನೇರವಾಗಿ ಗಡಿಗೆ ಕಳಿಸುವುದು. ಪೊಲೀಸರು ಎರಡನೆಯ ದಾರಿ ಹಿಡಿದರು.

ನವೆಂಬರಿನಲ್ಲಿ 59 ಜನರನ್ನು ಪೊಲೀಸ್ ಕಾವಲಿನಲ್ಲಿ ರೈಲಿಗೆ ಹತ್ತಿಸಿ ಹೌರಾಕ್ಕೆ ಒಯ್ಯಲಾಯಿತು. ಪಶ್ಚಿಮ ಬಂಗಾಳದ ಮಾನವ ಹಕ್ಕು ಸಂಘಟನೆಗಳು ರೈಲು ತಲುಪುವ ಮೊದಲೇ ಆಕ್ಷೇಪ ಎತ್ತಿದವು. ಯಾವ ನ್ಯಾಯಾಲಯ ಇವರನ್ನು ವಿದೇಶಿಯರೆಂದು ತೀರ್ಮಾನಿಸಿತು, ಇವರಿಗೆ ವಕೀಲರು ಸಿಕ್ಕಿದ್ದರೇ ಎಂಬುದು ಅವರ ಪ್ರಶ್ನೆ. ಅಸ್ಸಾಂನಲ್ಲಿ ಈ ತೀರ್ಮಾನಕ್ಕೆ ಆಗ 1964ರ ಆದೇಶದ ಪ್ರಕಾರ ವಿದೇಶಿಯರ ನ್ಯಾಯಮಂಡಳಿಗಳಿದ್ದವು. ಕರ್ನಾಟಕದಲ್ಲಿ ಅವು ಇರಲಿಲ್ಲ. ಠಾಣೆ ಮತ್ತು ನೋಂದಣಿ ಕಚೇರಿಯ ನಡುವೆ ಮುಗಿಯುವ ಈ ದಾರಿಯಲ್ಲಿ ಪಂಚರ ಸಹಿ ಬೇಕಾದ ಕಾಗದ ಒಂದೂ ಇಲ್ಲ.

ಕರಿಯಮ್ಮನ ಅಗ್ರಹಾರ

ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಖಾಸಗಿ ಜಮೀನಿನ ಮೇಲೆ ತಗಡು, ಟಾರ್ಪಾಲಿನ ಶೆಡ್‌ಗಳ ವಸತಿಯೊಂದಿತ್ತು. ಅಪಾರ್ಟ್‌ಮೆಂಟುಗಳ ಮನೆಗೆಲಸ, ಕಾವಲು, ಕಟ್ಟಡದ ಕೂಲಿ ಅಲ್ಲಿನವರ ಜೀವನ. 2020ರ ಜನವರಿ 11ರಂದು ಮಾರತ್‌ಹಳ್ಳಿ ಠಾಣೆಯಿಂದ ಜಮೀನಿನ ಮಾಲೀಕರಿಗೆ ಶೆಡ್‌ಗಳನ್ನು ತೆರವು ಮಾಡಿಸುವಂತೆ ನೋಟಿಸು ಹೋಯಿತು. ಮರುದಿನ ಮಹದೇವಪುರದ ಆಗಿನ ಶಾಸಕ ಅರವಿಂದ ಲಿಂಬಾವಳಿ, ಅಲ್ಲಿ ಅಕ್ರಮ ಬಾಂಗ್ಲಾದೇಶೀಯರಿದ್ದಾರೆ ಎಂಬ ಶಂಕೆಯೊಂದಿಗೆ ವಿಡಿಯೊ ಒಂದನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿದರು. ಜನವರಿ 18ರಂದು ಮಹಾನಗರ ಪಾಲಿಕೆಯ (ಬಿಬಿಎಂಪಿ) ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರೊಬ್ಬರು ತೆರವಿಗೆ ರಕ್ಷಣೆ ಕೋರಿ ಪೊಲೀಸರಿಗೆ ಪತ್ರ ಬರೆದರು. ಜನವರಿ 19, ಭಾನುವಾರ, ಜೆಸಿಬಿ ಬಂತು.

ತಗಡು ಮಡಿಚಿ ಬಿದ್ದ ಮೇಲೆ ಅಲ್ಲಿನವರು ಪತ್ರಕರ್ತರ ಮುಂದೆ ಚೀಲದಿಂದ ಕಾಗದ ತೆಗೆದರು. ಆಧಾರ್, ಮತದಾರರ ಚೀಟಿ, ಪ್ಯಾನ್ ಹೊರಬಂದವು. ಅಸ್ಸಾಂ, ಪಶ್ಚಿಮ ಬಂಗಾಳ, ತ್ರಿಪುರಾ, ಬಿಹಾರ, ಉತ್ತರ ಪ್ರದೇಶದವರಷ್ಟೇ ಅಲ್ಲಿರಲಿಲ್ಲ. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕನ್ನಡಿಗರೂ ಇದ್ದರು. ವಿದೇಶಿಯರನ್ನು ಹುಡುಕುವ ಹೆಸರಿನಲ್ಲಿ ಬಂದ ಯಂತ್ರ ಅವರ ಸೂರನ್ನೂ ಕೆಡವಿತ್ತು. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಹಾಗೆಂದು ಶೆಡ್ಡು ಕೆಡವುವ ಮೊದಲು ಆ ಚೀಟಿಗಳನ್ನು ನೋಡಬೇಕಾದ ಅಗತ್ಯ ತಪ್ಪುವುದಿಲ್ಲ.

ನಾಗರಿಕ ಸ್ವಾತಂತ್ರ್ಯಗಳ ಜನತಾ ಒಕ್ಕೂಟ, ಅಂದರೆ ಪಿಯುಸಿಎಲ್, ಹೈಕೋರ್ಟಿನ ಮೆಟ್ಟಿಲೇರಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ಕೆಲವೇ ದಿನಗಳಲ್ಲಿ ಮುಂದಿನ ತೆರವಿಗೆ ತಡೆ ಕೊಟ್ಟಿತು. ಪಾಲಿಕೆಯ ಮೇಲಧಿಕಾರಿಗಳು ಎಂಜಿನಿಯರರ ಪತ್ರ ತಮ್ಮ ಗಮನಕ್ಕೆ ಬರದೆ ಹೋದದ್ದೆಂದರು. ವಿಚಾರಣೆ ಮುಂದುವರಿದಂತೆ ಪೀಠ ಕೇಳಿದ್ದು ಕಾಗದದ ಪ್ರಶ್ನೆಗಳನ್ನೇ: ಖಾಸಗಿ ಜಮೀನಿನ ಶೆಡ್ ತೆಗೆಸುವಂತೆ ಇನ್‌ಸ್ಪೆಕ್ಟರ್ ಯಾವ ಕಾನೂನಿನಡಿ ನೋಟಿಸು ಕೊಟ್ಟರು? ಅಲ್ಲಿದ್ದವರು ವಿದೇಶಿಯರೆಂದು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಿದರು? ಉತ್ತರ ಸಿಗಲಿಲ್ಲ. ತೆರವಿಗೆ ಕಾನೂನಿನ ಬಲವಿರಲಿಲ್ಲ, ಅದು 21ನೇ ವಿಧಿಯನ್ನು ಮುಟ್ಟುತ್ತದೆ ಎಂಬ ನಿಲುವಿಗೆ ಬಂದ ಪೀಠ ಸಂತ್ರಸ್ತರ ಪುನರ್ವಸತಿಯ ಬಗ್ಗೆ ನಿರ್ಧರಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಠಾಣೆಯ ನೋಟಿಸು, ಎಂಜಿನಿಯರರ ಪತ್ರ, ನಿವಾಸಿಗಳ ಗುರುತಿನ ಚೀಟಿ, ಕೆಡವುವಾಗ ತೆಗೆದ ಚಿತ್ರ ಮತ್ತು ವಿಡಿಯೊಗಳು ಉಳಿದಿರದಿದ್ದರೆ ಆ ಪ್ರಶ್ನೆಗಳನ್ನು ಕೇಳಲು ಆಸ್ಪದವೇ ಇರುತ್ತಿರಲಿಲ್ಲ.

ಜೈಲೋ, ಬಂಧನ ಕೇಂದ್ರವೋ

ಗಡಿಗೆ ಕಳಿಸುವ ತನಕ ಜನರನ್ನು ಎಲ್ಲಿಡಬೇಕು ಎಂಬುದು ಮುಂದಿನ ಪ್ರಶ್ನೆ. 2019ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಬಂಧನ ಕೇಂದ್ರಗಳಿಗೆ ಮಾದರಿ ಕೈಪಿಡಿಯೊಂದನ್ನು ರಾಜ್ಯಗಳಿಗೆ ಕಳಿಸಿತ್ತು. ಬಂಧನ ಕೇಂದ್ರವು ಜೈಲಿನ ಆವರಣದ ಹೊರಗಿರಬೇಕು, ಒಂದೇ ಕುಟುಂಬದವರನ್ನು ಒಡೆಯಬಾರದು ಎಂಬ ಮಾತುಗಳು ಅದರಲ್ಲಿದ್ದವು. ಕರ್ನಾಟಕ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ವಿದ್ಯಾರ್ಥಿನಿಲಯವೊಂದನ್ನು ಇದಕ್ಕೆ ಸಿದ್ಧಗೊಳಿಸಿತು. ಓದುವ ಹುಡುಗರಿಗೆಂದು ಕಟ್ಟಿದ ಕಟ್ಟಡಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ ಬಂದವು.

2020ರ ಮೇ 19ರಂದು ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ವಿದೇಶಿಯರ ಜಾಮೀನಿನ ಬಗ್ಗೆ ದೀರ್ಘ ತೀರ್ಪು ಬರೆದರು. ವಿದೇಶಿ ಎಂಬ ಒಂದೇ ಕಾರಣಕ್ಕೆ ಜಾಮೀನು ನಿರಾಕರಿಸುವಂತಿಲ್ಲ. ಆದರೆ ಜಾಮೀನು ಸಿಕ್ಕವರ ಬಳಿ ಇಲ್ಲಿ ಇರಲು ಸಕ್ರಮ ದಾಖಲೆ ಇಲ್ಲದಿದ್ದರೆ, ದೇಶಕ್ಕೆ ಕಳಿಸುವವರೆಗೆ ಜೈಲಿನ ಬದಲು ಬಂಧನ ಕೇಂದ್ರದಲ್ಲಿ ಇಡಬೇಕು. ಮಕ್ಕಳು, ಮಕ್ಕಳೊಂದಿಗಿರುವ ತಾಯಂದಿರ ಬಗ್ಗೆಯೂ ಅದು ಮಾರ್ಗಸೂಚಿ ಕೊಟ್ಟಿತು. ವಿದೇಶಿಯರನ್ನು ಕಳಿಸುವ ಅಧಿಕಾರವನ್ನು ತೀರ್ಪು ಪ್ರಶ್ನಿಸಲಿಲ್ಲ. ಆ ಅಧಿಕಾರ ಯಾವ ಕಟ್ಟಡದಲ್ಲಿ, ಯಾವ ನಿಯಮದಡಿ ನಡೆಯಬೇಕು ಎಂಬುದನ್ನು ಬರೆಯಿತು.

ನಾಗರಿಕರೇ ಈ ಬಲೆಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು 2022ರ ಪ್ರಕರಣವೊಂದು ತೋರಿಸಿತು. ಪಶ್ಚಿಮ ಬಂಗಾಳದ ಬರ್ಧಮಾನ್ ಕಡೆಯಿಂದ ದುಡಿಯಲು ಬಂದಿದ್ದ ಗಂಡ ಹೆಂಡತಿಯನ್ನು, ಜೊತೆಗೆ ಪುಟ್ಟ ಮಗುವನ್ನು, ಬಾಂಗ್ಲಾದೇಶೀಯರೆಂಬ ಶಂಕೆಯ ಮೇಲೆ ಜುಲೈಯಲ್ಲಿ ಬಂಧಿಸಲಾಯಿತು. ಅವರು ಜೈಲಿನಲ್ಲಿ ಕಳೆದದ್ದು 301 ದಿನ. ಜಾಮೀನು ಮಂಜೂರಾದ ಮೇಲೂ ಜಮೀನಿನ ದಾಖಲೆ ಇಟ್ಟು ಹೊಣೆ ನಿಲ್ಲುವ ಸ್ಥಳೀಯರು ಸಿಗದೆ ಇನ್ನಷ್ಟು ದಿನ ಒಳಗಿದ್ದರು. ಬೆಂಗಳೂರಿನಲ್ಲಿ ಪರಿಚಯದವರಿಲ್ಲದ ಕೂಲಿಗೆ ಶ್ಯೂರಿಟಿ ಎಂಬುದು ಜಾಮೀನಿಗಿಂತ ದೊಡ್ಡ ಗೋಡೆ.

ಇದೇ ಅವಧಿಯಲ್ಲಿ ರೋಹಿಂಗ್ಯಾ ನಿರಾಶ್ರಿತರ ವಿಷಯ ಸುಪ್ರೀಂ ಕೋರ್ಟಿನಲ್ಲಿತ್ತು. 2021ರ ಏಪ್ರಿಲ್ 8ರ ಆದೇಶದಲ್ಲಿ ಅದು, ನಿಗದಿತ ಕ್ರಮ ಪಾಲಿಸದೆ ಅವರನ್ನು ಗಡೀಪಾರು ಮಾಡಕೂಡದು ಎಂದಿತು. ಭಾರತದಲ್ಲೇ ಉಳಿಯುವ ಹಕ್ಕು ನಾಗರಿಕರದು ಮಾತ್ರ ಎಂದೂ ಹೇಳಿತು. ಅದೇ ವರ್ಷ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ 72 ರೋಹಿಂಗ್ಯಾರನ್ನು ಗುರುತಿಸಲಾಗಿದೆ, ತಕ್ಷಣ ಕಳಿಸುವ ಯೋಜನೆ ಇಲ್ಲ ಎಂದು ಪ್ರಮಾಣಪತ್ರ ಸಲ್ಲಿಸಿ, ಕೆಲವೇ ದಿನಗಳಲ್ಲಿ ಅದನ್ನು ತಿದ್ದಿ, ಕೋರ್ಟು ಹೇಳಿದಂತೆ ನಡೆಯುವುದಾಗಿ ಹೇಳಿತು.

ಬಂಧನದ ಕಾಗದ

ಶೋಧಕ್ಕೆ ಮಹಜರು ಇದ್ದಂತೆ ಬಂಧನಕ್ಕೂ ಒಂದು ಕಾಗದ ಬೇಕು ಎಂಬುದು ತಡವಾಗಿ ಬಂದ ನಿಯಮ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷ ಡಿ.ಕೆ. ಬಸು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರ ಅರ್ಜಿಯಾಯಿತು. ಹತ್ತು ವರ್ಷದ ಬಳಿಕ, 1996ರ ಡಿಸೆಂಬರ್ 18ರಂದು, ತೀರ್ಪು ಬಂತು. ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರು, ಹುದ್ದೆ ಓದುವಂತಿರಬೇಕು. ಸ್ಥಳದಲ್ಲೇ ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರಾಗಲಿ ಆ ಬಡಾವಣೆಯ ಗೌರವಸ್ಥರೊಬ್ಬರಾಗಲಿ ಸಾಕ್ಷಿಯಾಗಿ ಸಹಿ ಹಾಕಬೇಕು. ಬಂಧಿತರು ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು. 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಪಂಚರ ಸಹಿ ಹೀಗೆ ಶೋಧದಿಂದ ಬಂಧನಕ್ಕೂ ವಿಸ್ತರಿಸಿತು. ಮೆಮೊದ ನಿಯಮ ಮುಂದೆ ಕಾನೂನಿಗೇ ಸೇರಿ, ಈಗ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಸೆಕ್ಷನ್ ಆಗಿದೆ.

ಮೆಮೊದಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ತೀರ ಇತ್ತೀಚೆಗೆ. 2025ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟು, ಬಂಧನದ ಕಾರಣಗಳನ್ನು ಅರ್ಥವಾಗುವಂತೆ ತಿಳಿಸದಿದ್ದರೆ ಬಂಧನವೇ ಅಸಿಂಧು ಎಂದಿತು. ಮುಖ್ಯ ತೀರ್ಪು ಬರೆದವರು ಅಭಯ್ ಓಕಾ. ಕರಿಯಮ್ಮನ ಅಗ್ರಹಾರದ ಅರ್ಜಿ ಕೇಳಿದ್ದ ನ್ಯಾಯಮೂರ್ತಿ. ಅದೇ ವರ್ಷ ನವೆಂಬರ್ 6ರಂದು ಇನ್ನೊಂದು ಪೀಠ, ಕಾರಣಗಳು ಬರಹದಲ್ಲಿರಬೇಕು, ಬಂಧಿತರಿಗೆ ತಿಳಿಯುವ ಭಾಷೆಯಲ್ಲಿರಬೇಕು, ತಕ್ಷಣ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ಸ್ಪಷ್ಟಪಡಿಸಿತು. ಬಂಗಾಳಿ ಬಿಟ್ಟು ಬೇರೆ ಭಾಷೆ ಓದಲು ಬಾರದವರ ಕೈಗೆ ಕನ್ನಡದ ಮೆಮೊ ಕೊಟ್ಟು ಕೆಲಸ ಮುಗಿಸುವಂತಿಲ್ಲ ಎಂಬುದು ಬೆಂಗಳೂರಿನ ಮಟ್ಟಿಗೆ ಅದರ ಅರ್ಥ.

ಸಾಬೀತಿನ ಹೊಣೆಯ ಬಿಗಿಯೂ ಸ್ವಲ್ಪ ಸಡಿಲಿತು. ಅಸ್ಸಾಂನ ಪ್ರಕರಣವೊಂದರಲ್ಲಿ 2024ರ ಜುಲೈ 11ರಂದು ಸುಪ್ರೀಂ ಕೋರ್ಟು, ಯಾರದೋ ಬಾಗಿಲು ತಟ್ಟಿ ‘ನೀನು ವಿದೇಶಿ ಎಂಬ ಶಂಕೆ’ ಎಂದರೆ ಸಾಲದು, ಶಂಕೆಗೆ ಅಧಿಕಾರಿಗಳ ಬಳಿ ಮೊದಲು ಏನಾದರೂ ಆಧಾರ ಇರಬೇಕು ಎಂದಿತು. ಆಮೇಲಷ್ಟೇ ಹೊಣೆ ಎದುರಿನವರ ಹೆಗಲಿಗೆ ಬೀಳುತ್ತದೆ.

2025ರ ಕಾಯ್ದೆ

ವಲಸೆ ಮತ್ತು ವಿದೇಶಿಯರ ಕಾಯ್ದೆಗೆ 2025ರ ಏಪ್ರಿಲ್ 4ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯ್ದೆ, 1939ರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ ಹೊಣೆಗಾರಿಕೆ ಕಾಯ್ದೆ, ನಾಲ್ಕೂ ರದ್ದಾದವು. ದಾಖಲೆಯಿಲ್ಲದೆ ಒಳಬಂದವರಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದವರಿಗೆ ಎರಡರಿಂದ ಏಳು ವರ್ಷ. ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ. ಹೆಡ್ ಕಾನ್‌ಸ್ಟೆಬಲ್ ಹಾಗೂ ಮೇಲಿನ ದರ್ಜೆಯ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಬಾಡಿಗೆಗೆ ಕೊಟ್ಟವರು, ಕಾಲೇಜುಗಳು, ಆಸ್ಪತ್ರೆಗಳು ವಿದೇಶಿಯರ ಮಾಹಿತಿ ಕೊಡಬೇಕು. ಹಳೆಯ 9ನೇ ಸೆಕ್ಷನ್ನಿನ ಸಾಬೀತಿನ ಹೊಣೆ ಹೊಸ ಕಾಯ್ದೆಯಲ್ಲೂ ಹಾಗೆಯೇ ಉಳಿಯಿತು.

ಈ ಕಾಯ್ದೆಯಡಿ ನಡೆಯುವ ಶೋಧಕ್ಕೂ ಬಂಧನಕ್ಕೂ ನಾಗರಿಕ ಸುರಕ್ಷಾ ಸಂಹಿತೆಯ ಸಾಮಾನ್ಯ ನಿಯಮಗಳು ಜೊತೆಗಿವೆ. 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ವಶಪಡಿಸುವಿಕೆಯನ್ನು ಪೊಲೀಸರೇ ಮೊಬೈಲಿನಲ್ಲಾದರೂ ವಿಡಿಯೊ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಆ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಲಿಖಿತ ವರದಿಯೊಂದಿಗೆ ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಪಡೆಯಬೇಕು. ಬಂಧನದಲ್ಲಿರುವ ಯಾರಿಗೇ ಆಗಲಿ, ವಿದೇಶಿಯರಿಗೂ ಸೇರಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಅದಕ್ಕೆ ದೇಶಾದ್ಯಂತದ ಸಹಾಯವಾಣಿ 15100. ವಿದೇಶಿಯರೆಂಬುದು ಖಚಿತವಾದರೆ ತಮ್ಮ ದೇಶದ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕು 1963ರ ವಿಯೆನ್ನಾ ಒಡಂಬಡಿಕೆಯಿಂದ ಬರುತ್ತದೆ.

ನೋಡುವವರ ಹಕ್ಕು ಮತ್ತು ಮಿತಿ

ಕಾರ್ಯಾಚರಣೆ ನಡೆಯುವಾಗ ಅಕ್ಕಪಕ್ಕದವರು ನಿಂತು ನೋಡುವುದನ್ನು, ಸಾರ್ವಜನಿಕ ಜಾಗದಿಂದ ವಿಡಿಯೊ ಮಾಡುವುದನ್ನು ನಿಷೇಧಿಸುವ ಸಾಮಾನ್ಯ ಕಾನೂನಿಲ್ಲ. ಪೊಲೀಸ್ ಠಾಣೆ ಅಧಿಕೃತ ರಹಸ್ಯಗಳ ಕಾಯ್ದೆಯ ‘ನಿಷೇಧಿತ ಸ್ಥಳ’ವಲ್ಲ, ಅಲ್ಲಿ ವಿಡಿಯೊ ಮಾಡಿದ್ದು ಆ ಕಾಯ್ದೆಯಡಿ ಅಪರಾಧವಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಮಿತಿಗಳೂ ಸ್ಪಷ್ಟವಾಗಿವೆ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 221ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು. ಮೈಮುಟ್ಟಿ ತಡೆದರೆ 132ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ. ಸಿಕ್ಕಿಬಿದ್ದ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆ ತಡೆಯುತ್ತದೆ. ಯಾರನ್ನಾದರೂ ಬಚ್ಚಿಟ್ಟರೆ, ಓಡಿಹೋಗಲು ನೆರವಾದರೆ ಅದು ಗಮನಿಸುವಿಕೆಯ ಗೆರೆ ದಾಟಿ ಅಪರಾಧದ ಕಡೆಗೆ ಹೋಗುತ್ತದೆ. ಕೈಗೆಟುಕದ ಅಂತರದಲ್ಲಿ ನಿಂತು, ಸಮಯ, ಜಾಗ, ಠಾಣೆಯ ಹೆಸರು, ವಾಹನದ ಸಂಖ್ಯೆ, ಅಧಿಕಾರಿಯ ಎದೆಯ ಮೇಲಿನ ಹೆಸರು ಬರೆದುಕೊಳ್ಳುವುದು ಗೆರೆಯ ಈಚೆಗಿದೆ.

ಖಾಸಗಿ ಜನರಿಗೆ ಇನ್ನೊಂದು ಮಿತಿಯಿದೆ. ಬೀದಿಯಲ್ಲಿ ಹೋಗುವವರನ್ನೋ ಶೆಡ್ಡಿನವರನ್ನೋ ತಡೆದು ಗುರುತಿನ ಚೀಟಿ ಕೇಳುವ ಅಧಿಕಾರ ನೆರೆಹೊರೆಯವರಿಗಾಗಲಿ ಯಾವ ಸಂಘಟನೆಗಾಗಲಿ ಇಲ್ಲ. ನಾಗರಿಕರು ಸದಾ ಗುರುತಿನ ಚೀಟಿ ಹೊತ್ತು ತಿರುಗಬೇಕೆಂಬ ಕಾನೂನೂ ಇಲ್ಲ. ಕಣ್ಣೆದುರೇ ನಡೆದ, ಜಾಮೀನಿಲ್ಲದ ಗಂಭೀರ ಅಪರಾಧದಲ್ಲಿ, ಇಲ್ಲವೇ ಘೋಷಿತ ಅಪರಾಧಿಯ ವಿಷಯದಲ್ಲಿ ಮಾತ್ರ ಸಾಮಾನ್ಯರು ಯಾರನ್ನಾದರೂ ಹಿಡಿಯಬಹುದು. ಹಾಗೆ ಹಿಡಿದವರನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಹೇಳುತ್ತದೆ. ಮಾತಿನ ಧಾಟಿ, ಉಡುಪು, ಹೆಸರು ಅಪರಾಧಗಳಲ್ಲ.

ಬಂಧಿತರು ಎಲ್ಲಿದ್ದಾರೆಂದು ತಿಳಿಯದಿದ್ದಾಗ, ಅಥವಾ 24 ಗಂಟೆ ಕಳೆದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದಾಗ, ಹೈಕೋರ್ಟಿಗೆ 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಬಂಧಿತರೇ ಬರಬೇಕೆಂದಿಲ್ಲ, ಸಂಬಂಧಿಕರೋ ಸ್ನೇಹಿತರೋ ಹಾಕಿದರೂ ನಡೆಯುತ್ತದೆ. ಆ ಅರ್ಜಿಗೆ ಬೇಕಾದದ್ದು ಯಾವ ದಿನ, ಎಷ್ಟು ಗಂಟೆಗೆ, ಯಾವ ಠಾಣೆಯವರು, ಎಲ್ಲಿಂದ ಕರೆದೊಯ್ದರು ಎಂಬ ನಾಲ್ಕು ಸಾಲು.

ಪಂಚರ ವಿಷಯದಲ್ಲೂ ಹಳೆಯ ದೌರ್ಬಲ್ಯವೊಂದು ಉಳಿದಿದೆ. ವಿಚಾರಣೆಯ ಹೊತ್ತಿಗೆ ಕಟಕಟೆ ಹತ್ತಿದ ಎಷ್ಟೋ ಪಂಚರು, ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು, ಮಹಜರಿನಲ್ಲಿ ಏನಿತ್ತೋ ತಿಳಿಯದು ಎಂದುಬಿಡುತ್ತಾರೆ. ಅಲ್ಲಿಗೆ ಆ ಕಾಗದದ ಬಲ ಕುಂದುತ್ತದೆ. ತಪ್ಪಾಗಿ ಸಿಕ್ಕಿಬಿದ್ದವರ ಪರವಾಗಿಯೂ ಅದು ನಿಲ್ಲುವುದಿಲ್ಲ. ಪಂಚರಾಗಲು ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಓದದೆ ಸಹಿ ಹಾಕಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಓದಿ, ಕಂಡದ್ದಕ್ಕೂ ಬರೆದದ್ದಕ್ಕೂ ತಾಳೆ ನೋಡಿ ಹಾಕಿದ ಸಹಿಯನ್ನೇ 1898ರ ಸೆಕ್ಷನ್ನು ಕೇಳಿತ್ತು. ಇಂದಿನದೂ ಅದನ್ನೇ ಕೇಳುತ್ತದೆ.